ಕೆಂಪು ತುಟಿಯ ಮೂರು ತಿಂಗಳು

ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೊಂಡಿರುತ್ತೀಯ. ಬೈದುಕೋ, ಈಗ ನಿನ್ನ ಬೈಗುಳ ಕೇಳಿದರೂ ಸಮಾಧಾನವಾದೀತು. ಭಾವನವರ ಮಂಡಿನೋವು ಹೇಗಿದೆ?

ಗುರುವಾರ ನಮ್ಮ ಚೂಟಿಗೆ ಎದೆಯ ಆಪರೇಷನ್. ಮಗಳ ತೂಕ ಇನ್ನೂ ಸ್ವಲ್ಪ ಹೆಚ್ಚಲಿ, ಹುಟ್ಟಿನಿಂದ ಇರುವ ಹೃದಯದ ತೂತನ್ನು ಆಮೇಲೆ ಮುಚ್ಚೋಣ ಅಂತ ಕಾಯುತ್ತಿದ್ದರಲ್ಲ, ಈಗ ಕಾಯುವ ಹಾಗಿಲ್ಲವಂತೆ. ಯಾಕೆ ಅಂತ ಹೇಳುತ್ತೇನೆ, ಕೇಳು.

ತುಟಿ ನೀಲಿಯಾದಾಗಲೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹೆಚ್ಚಾದರೆ ಕೂಡಲೇ ಬನ್ನಿ ಅಂದಿದ್ದರು ಡಾಕ್ಟರು. ನನಗೋ ಕೈತುಂಬ ಹೊಲಿಗೆ. ಮೆಷಿನ್ ಮುಂದೆ ಕೂತೇ ಗಂಟೆಗೊಮ್ಮೆ "ಚೂಟಿ, ತುಟಿ ತೋರ್ಸು" ಅಂತ ಕೂಗುತ್ತಿದ್ದೆ. ಒಳಕೋಣೆಯಿಂದ ಬಂದು ಬಾಗಿಲಲ್ಲಿ ನಿಂತು, ಮಹಾರಾಣಿಯ ಹಾಗೆ ಗದ್ದ ಎತ್ತಿ ತೋರಿಸಿ ಹೋಗುತ್ತಿದ್ದಳು. ಕೆಂಪಗೇ ಇರುತ್ತಿತ್ತು. ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಒಂದು ಗುರುತೂ ಬೀಳಲಿಲ್ಲ. ಫೋನಿನಲ್ಲಿ ಹೇಳಿದರೆ ಡಾಕ್ಟರಿಗೂ ಖುಷಿ, ತಪಾಸಣೆಯನ್ನು ಮುಂದಕ್ಕೆ ಹಾಕಿದರು.

ಮೊನ್ನೆ ಹೋದೆವು. ನರ್ಸಮ್ಮ ಅವಳ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿ ಅಂಕಿ ನೋಡಿದರು, ತುಟಿ ನೋಡಿದರು, ಮತ್ತೆ ಅಂಕಿ ನೋಡಿದರು. "ಇದು ಕೆಟ್ಟಿರ್ಬೇಕು" ಅಂತ ತಮ್ಮ ಬೆರಳಿಗೇ ಹಾಕಿಕೊಂಡರು. ಸರಿಯಾಗಿಯೇ ಇತ್ತು. ಆಮೇಲೆ ಒದ್ದೆ ಹತ್ತಿಯಿಂದ ಮೆಲ್ಲಗೆ ಅವಳ ತುಟಿ ಒರೆಸಿದರು. ಹತ್ತಿ ಕೆಂಪಾಯಿತು. ತುಟಿ ನೇರಳೆಹಣ್ಣು ತಿಂದ ಹಾಗಿತ್ತು.

ಬಟ್ಟೆಗೆ ಗುರುತು ಹಾಕುವ ನನ್ನ ಕೆಂಪು ಸೀಮೆಸುಣ್ಣ, ಅಕ್ಕ! ನಾನು ಕೂಗಿದ ಕೂಡಲೇ ಎಂಜಲು ಮಾಡಿ ಬಳಿದುಕೊಂಡು ಬರುತ್ತಿದ್ದಳಂತೆ.

"ಯಾಕೆ ಪುಟ್ಟಾ?" ಅಂದರು ಡಾಕ್ಟರು.

"ನೀಲಿ ಆದ್ರೆ ಅಮ್ಮ ಮೆಷಿನ್ ನಿಲ್ಸಿ ಅಳ್ತಾಳೆ," ಅಂದಳು, ಚಾಡಿ ಹೇಳುವವಳ ಹಾಗೆ.

ರಜೆ ಹಾಕಿ ಜೊತೆಗೆ ಬಂದಿದ್ದ ಇವರು, "ಐದು ವರ್ಷದ ಪೋರಿ ನಮ್ಮಿಬ್ಬರ ಕಣ್ಣಿಗೂ ಮಣ್ಣೆರಚಿದ್ಲಲ್ಲೇ" ಅಂತ ನಗಲು ಹೋಗಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. "ನಿನ್ನ ತಪ್ಪೇನಿಲ್ಲ" ಅಂತ ನನಗೇ ಧೈರ್ಯ ಹೇಳುತ್ತಾರೆ. ಮೊದಲೇ ಬಂದಿದ್ದರೆ ಸುಲಭವಿತ್ತು, ಈಗ ಅಪಾಯ ಜಾಸ್ತಿ ಅಂದಿದ್ದಾರೆ ಡಾಕ್ಟರು. ಆ ಮಾತು ಕೇಳಿದಾಗಿನಿಂದ ಹಾಡುಹಗಲೇ, ಮೆಷಿನ್ ತುಳಿಯುವಾಗ, ಒಳಬಾಗಿಲಲ್ಲಿ ಯಾರೋ ಗದ್ದ ಎತ್ತಿ ನಿಂತ ಹಾಗಾಗುತ್ತದೆ. ತಲೆಯೆತ್ತಿದರೆ ಯಾರೂ ಇಲ್ಲ. ಚೂಟಿ ನನ್ನ ಪಕ್ಕದಲ್ಲೇ ಗುಂಡಿಗಳನ್ನು ಪೋಣಿಸುತ್ತಾ ಕೂತಿರುತ್ತಾಳೆ. ತುಂಬಾ ಹೆದರಿಕೆಯಾಗುತ್ತದೆ, ಅಕ್ಕ.

ಬುಧವಾರವೇ ಬಂದುಬಿಡು. ನಿನ್ನ ಮಕ್ಕಳಿಬ್ಬರೂ ಓಡಲಿ, ಬೀಳಲಿ, ಮನೆ ಹಾರಿಹೋಗುವಂತೆ ಕೂಗಾಡಲಿ. ಬೈಯಬೇಡ. ಅವರು ನೂರು ಕಾಲ ಸುಖವಾಗಿರಲಿ.

ನಿನ್ನ ತಂಗಿ

ತಾ.ಕ.: ಇದನ್ನು ಇವರಿಗೆ ಹೇಳಿಲ್ಲ, ನಿನಗೊಬ್ಬಳಿಗೇ. ತಿಂಗಳ ಹಿಂದೆ ಅವಳ ದಿಂಬಿನ ಮೇಲೆ ಕೆಂಪು ಕಲೆ ನೋಡಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಅವತ್ತೇ ಎಲ್ಲ ಗೊತ್ತಾಯಿತು. ಹೇಳಿದರೆ ನಾಳೆಯೇ ಅವಳ ಎದೆ ಕೊಯ್ಯುತ್ತಾರೆ, ಇನ್ನೊಂದು ವಾರ ಕಳೆಯಲಿ ಅಂದುಕೊಂಡೆ. ದಿಂಬಿನ ಚೀಲ ಒಗೆದು ಹಾಕಿದೆ. "ತುಟಿ ತೋರ್ಸು" ಅನ್ನುವುದನ್ನು ಬಿಡಲಿಲ್ಲ. ಸೀಮೆಸುಣ್ಣ ಸವೆದು ಉಗುರಿನಷ್ಟಾದಾಗ, ಹೊಸದು ತಂದು ಅವಳ ಕೈಗೆಟುಕುವ ಕಡೆ ಇಟ್ಟೆ.