ಹಿಂದಕ್ಕೆ ತಿರುಗದ ಟಿಕೀಟು

ಮಧುಗಿರಿ
18-12-1985, ಬುಧವಾರ

ಮುದ್ದು ಮಗಳು ಚಿ. ಸೌ. ಮಾದೇವಿಗೆ,

ನಿನ್ನ ಅಮ್ಮನ ಆಶೀರ್ವಾದಗಳು. ಪಕ್ಕದ ಮನೆ ಸರೋಜಮ್ಮನವರ ವಿಳಾಸಕ್ಕೆ ನೀನು ಹಾಕಿದ ಕಾಗದ ಬಂದು ತಿಂಗಳಾಗುತ್ತಾ ಬಂತು. ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಬರೆದೆ, ಹರಿದೆ, ಮತ್ತೆ ಬರೆದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ ಕೈ ಇದು, ಮನಸ್ಸು ಓಡಿದ ಕಡೆಗೆ ಅಕ್ಷರ ಓಡುವುದಿಲ್ಲ. ಕಾಲು ಊದಿಕೊಂಡಿದೆ ಅಂತ ನೀನು ಬರೆದಿದ್ದೆಯಲ್ಲ, ಈಗ ಹೇಗಿದೆ? ಉಪ್ಪು ಕಡಿಮೆ ಮಾಡು. ಬಿಂದಿಗೆ ಎತ್ತಬೇಡ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ.

ನೀನು ಕೇಳಿದ್ದು ಒಂದೇ ಮಾತು. 'ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲಮ್ಮ, ಬರಲಾ?' ಬಾ ಅನ್ನುವುದಕ್ಕೆ ಯಾವ ತಾಯಿಗಾದರೂ ತಿಂಗಳು ಹಿಡಿಯುತ್ತದೆಯೇ? ನನಗೆ ಹಿಡಿಯಿತು. ಯಾಕೆಂದು ಹೇಳುತ್ತೇನೆ, ಸಮಾಧಾನವಾಗಿ ಓದು.

ನಿಮ್ಮಪ್ಪನವರು ಭೂಮಿ ಸುತ್ತಲು ಹೊರಟಿದ್ದಾರೆ. ನನ್ನನ್ನೂ ಕರೆದುಕೊಂಡು.

ನಗಬೇಡ. ಮೋಟಾರು ಕಂಪನಿಯವರ ಪಾಯಿಂಟಿನ ವಿಷಯ ನಿನಗೆ ನೆನಪಿರಬೇಕು. ನಮ್ಮ ಅಂಗಡಿಯಲ್ಲಿ ಮಾರಿದ ನೀರೆತ್ತುವ ಪ್ರತಿ ಮೋಟಾರಿನ ಪೆಟ್ಟಿಗೆಯಲ್ಲೂ ಒಂದು ಚೀಟಿ ಬರುತ್ತಿತ್ತಲ್ಲ, ಅದನ್ನು ಕತ್ತರಿಸಿ ಅಂಟಿಸುವ ಕೆಲಸ ನಿನ್ನದೇ ಆಗಿತ್ತು. ಮೊದಲು ಅದಕ್ಕೆ ಮಿಕ್ಸಿ ಕೊಡುತ್ತಾರೆ ಅಂದರು, ಆಮೇಲೆ ಸ್ಕೂಟರು ಅಂದರು. ನಿಮ್ಮಪ್ಪನವರು ಏನನ್ನೂ ತೆಗೆದುಕೊಳ್ಳದೆ ಕೂಡಿಸುತ್ತಾ ಬಂದರು. ಈಗ ಗಂಡ ಹೆಂಡತಿ ಇಬ್ಬರೂ ವಿಮಾನದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ ಬರುವಷ್ಟು ಪಾಯಿಂಟು ಆಗಿವೆಯಂತೆ. ಕೊನೆಗೆ ಸ್ವಲ್ಪ ಕಡಿಮೆ ಬಿದ್ದಾಗ ಸಿರಾದ ಅಂಗಡಿಯ ಸಾಹೇಬರು 'ತಗೊಳ್ಳಿ ಭಾಯ್, ನಾನು ಮೆಕ್ಕಾಗೆ ಹೋಗೋನು, ನನ್ ದಾರಿ ಬೇರೆ' ಅಂತ ತಮ್ಮ ಚೀಟಿಗಳನ್ನೂ ಕೊಟ್ಟುಬಿಟ್ಟರಂತೆ.

ಅಂಗಡಿಯ ಗಲ್ಲಾದ ಪಕ್ಕದಲ್ಲಿ ಒಂದು ಗ್ಲೋಬು ಬಂದು ಕೂತಿದೆ. ಮೋಟಾರು ರಿಪೇರಿಗೆ ಬಂದವರಿಗೆಲ್ಲ ಅದನ್ನು ತಿರುಗಿಸಿ ತೋರಿಸುತ್ತಾರೆ. ಬೊಂಬಾಯಿ, ಸಿಂಗಪೂರ, ಹಾಂಕಾಂಗ್, ಜಪಾನು, ಆಮೇಲೆ ಸಮುದ್ರ ದಾಟಿ ಅಮೆರಿಕ, ಅಲ್ಲಿಂದ ಲಂಡನ್ನು, ಮತ್ತೆ ಬೊಂಬಾಯಿ. ಮಿಡಿಗೇಶಿಯ ಚಿಕ್ಕನರಸಯ್ಯ ಎಲ್ಲ ಕೇಳಿಸಿಕೊಂಡು, "ಅಲ್ಲ ಶಂಕ್ರಲಿಂಗಪ್ಪೋರೇ, ನಮ್ಮೂರ್ ಬೋರಾಗೆ ಸಿಕ್ಕಾಕ್ಕೊಂಡಿರೋ ಮೋಟ್ರು ಎತ್ತುಸ್ಕೊಡ್ರಿ ಅಂತ ದಸರಾದಿಂದ ತಿರುಗ್ತಾ ಇವ್ನಿ. ಮಿಡಿಗೇಶಿಗೆ ಬರಾಕೆ ಪುರ್ಸೊತ್ತಿಲ್ಲ, ಭೂಮಿ ಸುತ್ತಾಕೆ ಐತಾ?" ಅಂದನಂತೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರಂತೆ. ಮಾರಣ್ಣ ಇನ್ನೂ ನಮ್ಮ ಅಂಗಡಿಯ ಕೆಲಸದಲ್ಲಿದ್ದಿದ್ದರೆ ಎತ್ತಿಸಿಕೊಡುತ್ತಿದ್ದ ಅಂತ ಒಬ್ಬರೂ ಅನ್ನಲಿಲ್ಲವಂತೆ. ಗೊಲ್ಲರ ಹುಡುಗನನ್ನು ಮೆಚ್ಚಿ ನೀನು ಪಾವಗಡಕ್ಕೆ ಹೋದ ಮೇಲೆ ನಿಮ್ಮಿಬ್ಬರ ಹೆಸರನ್ನು ನಿಮ್ಮಪ್ಪನವರ ಎದುರಿಗೆ ಯಾರೂ ಎತ್ತುವುದಿಲ್ಲ. ಎತ್ತಿದರೆ ಊಟದ ಮುಂದಿನಿಂದ ಎದ್ದುಹೋಗುತ್ತಾರೆ. ಆ ಪಾಯಿಂಟುಗಳಲ್ಲಿ ಅರ್ಧ, ನಿನ್ನ ಗಂಡ ಬಿಸಿಲಲ್ಲಿ ನಿಂತು ಹಗ್ಗ ಹಿಡಿದು ಇಳಿಸಿದ ಮೋಟಾರುಗಳವು. ಅದನ್ನು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ.

ಹೊರಡುವುದು ಸಂಕ್ರಾಂತಿ ಕಳೆದ ಮೇಲೆ. ಬರುವುದು ಶಿವರಾತ್ರಿಯ ಹೊತ್ತಿಗೆ. ನಿನ್ನ ದಿನಗಳು ಅದರ ನಟ್ಟನಡುವೆ. "ರೀ, ಬೇಸಿಗೆಗೆ ಹೋದರಾಗದೇ?" ಅಂದೆ. "ದಿನ ಗೊತ್ತು ಮಾಡೋದು ಕಂಪನಿಯೋರು ಕಣೇ, ನನ್ ಕೈಲೇನೂ ಇಲ್ಲ" ಅಂದರು. ನೀನು ಬಸುರಿ ಅನ್ನುವುದನ್ನು ನಾನು ಅವರಿಗೆ ಹೇಳಿಲ್ಲ. ಹೇಳುವ ಧೈರ್ಯ ನನಗೆಲ್ಲಿದೆ?

ಅಂದಿನಿಂದ ನನಗೆ ನಿದ್ದೆ ಇಲ್ಲ. ವಿಮಾನದಲ್ಲಿ ಸ್ನಾನವಿಲ್ಲವಂತೆ, ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುವುದು ಹೇಗೆ? ವಿಮಾನ ಹತ್ತುವ ಮುಂಚೆ ತಪಾಸಣೆಯವರು ಕೊರಳಲ್ಲಿರುವ ಬೆಳ್ಳಿ ಕರಡಿಗೆಯನ್ನು ತೆಗೆದು ಮೇಜಿನ ಮೇಲಿಡು ಅನ್ನುತ್ತಾರಂತೆ. ಒಳಗಿರುವುದು ನನ್ನ ಲಿಂಗ, ಸ್ವಾಮಿ, ಅಂತ ಯಾವ ಭಾಷೆಯಲ್ಲಿ ಹೇಳಲಿ? ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡರೂ ಅಷ್ಟು ದಿನ ಬರುತ್ತವೆಯೇ?

ಇವೆಲ್ಲಕ್ಕಿಂತ ದೊಡ್ಡದು ಸೋಮವಾರದ್ದು. ನಿನಗೆ ಸುಸೂತ್ರವಾಗಿ ಆಗಲಿ ಅಂತ ಹದಿನಾರು ಸೋಮವಾರದ ಉಪವಾಸ ಹಿಡಿದಿದ್ದೇನೆ. ನಿಮ್ಮಪ್ಪನವರು ಅಂಗಡಿಗೋಸ್ಕರ ಅಂದುಕೊಂಡಿದ್ದಾರೆ. ಅದರಲ್ಲಿ ಕೊನೆಯ ಕೆಲವು ಪ್ರಯಾಣದಲ್ಲಿ ಬೀಳುತ್ತವೆ. ಸರೋಜಮ್ಮನವರ ಯಜಮಾನರು ನಾಗಲಿಂಗಯ್ಯ ಮೇಷ್ಟ್ರನ್ನು ಕೇಳಿದೆ. ಅವರು ಒಂದು ನಿಂಬೆಹಣ್ಣು ತಂದು, ಅದಕ್ಕೆ ಶಾಯಿಯಲ್ಲಿ ಗೆರೆ ಎಳೆದು, "ನೋಡಿಯಮ್ಮ, ನೀವು ಪೂರ್ವಕ್ಕೆ ಹೋಗ್ತೀರಿ. ಜಪಾನು ದಾಟಿದ ಮೇಲೆ ಸಮುದ್ರದ ಮಧ್ಯೆ ಹೋದ ದಿನವೇ ಇನ್ನೊಂದು ಸಲ ಬರುತ್ತೆ. ಸೋಮವಾರ ಹೊರಟರೆ ಇಳಿಯೋದೂ ಸೋಮವಾರವೇ" ಅಂದರು. ಸರೋಜಮ್ಮ ಒಳಗಿನಿಂದಲೇ, "ಒಳ್ಳೇದಾಯ್ತಲ್ಲೇ, ಎರಡು ಸೋಮವಾರ ಒಟ್ಟಿಗೇ ಸಿಕ್ತು, ಬೇಗ ಮುಗಿಯುತ್ತೆ ವ್ರತ!" ಅಂದರು. ಅವರಿಗೆ ತಮಾಷೆ. ಶಿವ ಅದನ್ನು ಎರಡು ಅಂತ ಹಿಡಿಯುತ್ತಾನೋ ಒಂದು ಅಂತ ಹಿಡಿಯುತ್ತಾನೋ? ಒಂದು ಅಂತ ಹಿಡಿದರೆ ನನ್ನ ಲೆಕ್ಕದಲ್ಲಿ ಒಂದು ಕಡಿಮೆ ಬೀಳುತ್ತದೆ. ಅದರ ಫಲ ಯಾರಿಗೆ ತಟ್ಟುತ್ತದೆ? ಹಾಗಾದರೆ ಪಶ್ಚಿಮದ ಕಡೆಯಿಂದ ಸುತ್ತಿದರೆ ಅಂದೆ. "ಆಗ ಒಂದು ದಿನ ಪೂರ್ತಿ ಮಾಯ" ಅಂದರು ಮೇಷ್ಟ್ರು. ಅಷ್ಟು ಕೇಳಿದ ಮೇಲೆ ಆ ನಿಂಬೆಹಣ್ಣನ್ನು ಅವರ ಕೈಗೇ ಕೊಟ್ಟು ಎದ್ದು ಬಂದೆ.

ಮೊನ್ನೆ ಪಾವಗಡದಿಂದ ಕಡಲೆಕಾಯಿ ತರುವ ಹನುಮಕ್ಕ ಬಂದಿದ್ದಳು. ನಿನ್ನ ಅತ್ತೆ ಕೊಲ್ಲಾಪುರಮ್ಮನವರು ಹೇಳಿಕಳಿಸಿದ್ದನ್ನು ಹಾಗೇ ತೆಲುಗಿನಲ್ಲೇ ಒಪ್ಪಿಸಿದಳು. 'ಅಮ್ಮಕಿ ಚೆಪ್ಪು, ಭಯಪಡೊದ್ದು, ನೇನುನ್ನಾನು.' ಅಮ್ಮನಿಗೆ ಹೇಳು, ಭಯಪಡಬೇಡ, ನಾನಿದ್ದೇನೆ ಅಂತ. ಆಯಮ್ಮನ ಮೇಲೆ ನನಗೆ ಎಷ್ಟು ನಂಬಿಕೆ ಬಂತೋ ಅಷ್ಟೇ ಹೊಟ್ಟೆಕಿಚ್ಚೂ ಬಂತು. ಬಾಗಿಲಲ್ಲೇ ಕೂತು ಅತ್ತುಬಿಟ್ಟೆ. ಹನುಮಕ್ಕ ಬುಟ್ಟಿ ಇಳಿಸಿ ಬೈದಳು. "ಯಾಕಮ್ಮ ಇಂಗೆ ಅಳ್ತೀಯ? ಮಗ್ಳು ತವ್ರಿಗೆ ಬರಾಕಾಗ್ದಿದ್ರೆ ತವ್ರನ್ನೇ ಬಸ್ ಹತ್ತುಸ್ಕೊಂಡು ಓಗು. ದಿನಾ ಓಯ್ತದೆ ಕಣಮ್ಮ ಪಾವಗಡದ ಬಸ್ಸು, ನಿನ್ ಇಮಾನದಂಗೇನಲ್ಲ!"

ನಿನ್ನೆ ಊಟ ಆದ ಮೇಲೆ ನಿಮ್ಮಪ್ಪನವರು ಗ್ಲೋಬನ್ನು ಮನೆಗೇ ತಂದು ಟಿಕೀಟಿನ ನಿಯಮ ವಿವರಿಸುತ್ತಿದ್ದರು. ಇದು ಭೂಮಿ ಸುತ್ತುವ ಟಿಕೀಟಂತೆ. ಒಂದೇ ದಿಕ್ಕಿನಲ್ಲಿ ಹೋಗಬೇಕಂತೆ. ದಾಟಿ ಬಂದ ಊರಿಗೆ ಮತ್ತೆ ಹಿಂದಕ್ಕೆ ತಿರುಗುವ ಹಾಗಿಲ್ಲವಂತೆ.

"ಜಪಾನಿನಲ್ಲಿದ್ದಾಗ ಊರಿಂದ ತಂತಿ ಬಂದರೆ?" ಅಂದೆ.

"ಬಂದ್ರೆ ಬರಲಿ. ಮುಂದಕ್ಕೇ ಹೋಗಿ ಸುತ್ತಿ ಬರಬೇಕು. ಇಲ್ಲ, ಪಾಯಿಂಟೆಲ್ಲ ಬಿಟ್ಟು ಕೈಯಿಂದ ದುಡ್ಡು ಕೊಟ್ಟು ಬರಬೇಕು."

ನನ್ನ ಕಣ್ಣ ಮುಂದೆ ನೀನು ಬಂದೆ. ನೀನು ನೋವು ತಿನ್ನುತ್ತಿರುವಾಗ ನಾನು ಆ ನೀಲಿ ಬಣ್ಣದ ಮೇಲೆ ಎಲ್ಲೋ ತೇಲುತ್ತಾ, ಹತ್ತಿರ ಬರಬೇಕೆಂದರೆ ಇನ್ನೂ ದೂರ ಹೋಗಬೇಕು.

"ನಾನು ಬರೋದಿಲ್ಲ ರೀ" ಅಂದುಬಿಟ್ಟೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ನನಗೇ ಗಾಬರಿಯಾಯಿತು.

"ಏನಂದೆ? ಮಧುಗಿರೀಲಿ ಇನ್ಯಾವ ಹೆಂಗಸಿಗೆ ಸಿಕ್ಕಿದೆಯೇ ಈ ಯೋಗ?"

"ನಡುವೆ ಇಳಿದು ವಾಪಸು ಬರೋ ಹಾಗಿಲ್ಲವಲ್ಲ. ನನಗಾಗೋದಿಲ್ಲ."

ಯಾಕೆ ವಾಪಸು ಬರಬೇಕು, ಯಾರಿಗೋಸ್ಕರ ಅಂತ ಕೇಳುತ್ತಾರೆ ಅಂದುಕೊಂಡೆ. ಕೇಳಲಿ, ಹೇಳಿಬಿಡೋಣ ಅಂತ ಸೆರಗಿನ ತುದಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವರು ಕೇಳಲಿಲ್ಲ. ಗ್ಲೋಬನ್ನು ಎತ್ತಿಕೊಂಡು ಹೋಗಿ ಮಲಗಿಬಿಟ್ಟರು.

ಆದ್ದರಿಂದ ಮಗಳೇ, ನಾನೇ ಬರುತ್ತೇನೆ. ಸಂಕ್ರಾಂತಿಯ ಎಳ್ಳು ಬೀರಿದ ಮಾರನೆಯ ದಿನ ಬೆಳಗಿನ ಬಸ್ಸು. ಬಾಣಂತಿ ಖಾರಕ್ಕೆ ಒಣಶುಂಠಿ, ಮೆಣಸು, ಹಿಪ್ಪಲಿ ಕುಟ್ಟಿ ಇಟ್ಟಿದ್ದೇನೆ. ಹಳೇ ನೂಲಿನ ಸೀರೆಗಳನ್ನು ಒಗೆದು ಮಡಿಸಿದ್ದೇನೆ. ಕೊಲ್ಲಾಪುರಮ್ಮನವರಿಗೆ ನನ್ನಿಂದ ತೊಂದರೆಯಾಗುವುದಿಲ್ಲ ಅಂತ ಹೇಳು. ನಾನು ಬೆಳಿಗ್ಗೆ ಪೂಜೆಗೆ ಕೂರಲು ಒಂದು ಮೂಲೆ ಸಿಕ್ಕರೆ ಸಾಕು. ಅಕಸ್ಮಾತ್ ಬಸ್ಸು ತಡವಾದರೆ ಗಾಬರಿಯಾಗಬೇಡ. ದಿನಕ್ಕೆ ಮೊದಲೇ ನೋವು ಬಂದರೆ ಮಾರಣ್ಣನ ಜೊತೆ ಆಸ್ಪತ್ರೆಗೆ ಹೋಗಿಬಿಡು, ನಾನು ಬರಲಿ ಅಂತ ಕಾಯಬೇಡ. ಮಾರಣ್ಣನಿಗೂ ನನ್ನ ಆಶೀರ್ವಾದ ತಿಳಿಸು. ಹಾಗೆ ಬರೆಯುವುದು ಇದೇ ಮೊದಲು, ತಪ್ಪು ತಿಳಿಯಬೇಡ ಅನ್ನು. ತಾಯಿ ಮಗು ಎರಡೂ ತಣ್ಣಗಿರಲಿ.

ಇತಿ ನಿನ್ನ ಅಮ್ಮ,
ಶಿವರುದ್ರಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಈ ಹೊತ್ತು ಬೆಳಿಗ್ಗೆ ಮೋಟಾರು ಕಂಪನಿಯ ರೇಣುಕಯ್ಯ ಪ್ರಯಾಣದ ಕಾಗದಪತ್ರಕ್ಕೆ ನಮ್ಮ ಫೋಟೋಗಳನ್ನು ಒಯ್ಯಲು ಬಂದಿದ್ದರು. ಕಾಫಿ ಕೊಡುವಾಗ, ನೀವು ಸ್ವಲ್ಪ ದಿನ ಮುಂದಕ್ಕೆ ಹಾಕಿದ್ದರೆ ನಾನೂ ಹೋಗುತ್ತಿದ್ದೆನೇನೋ ಅಂದೆ. ಅವರು ಆಶ್ಚರ್ಯಪಟ್ಟರು. "ನಾವೆಲ್ಲಿ ಹಾಕಿದ್ದಮ್ಮ? ಜೂನ್ ತನಕ ಯಾವಾಗ ಬೇಕಾದ್ರೂ ಹೋಗಿ ಅಂದಿದ್ವಿ. ಯಜಮಾನ್ರೇ ಹಟ ಹಿಡಿದು ಸಂಕ್ರಾಂತಿ ಆದಮೇಲೆ ಅಂತ ಬರೆಸಿದ್ರು. ಆ ದಿನಗಳಲ್ಲಿ ನಾವಿಬ್ರೂ ಮನೇಲಿ ಇರೋ ಹಾಗಿಲ್ಲ ಅಂದ್ರು." ಅಂದರೆ ಅವರಿಗೆ ಗೊತ್ತಿತ್ತು ಮಾದೇವಿ. ನಾನು ಹೇಳಲಿಲ್ಲ, ಸರೋಜಮ್ಮ ಹೇಳಲಿಲ್ಲ. ಯಾರನ್ನು ಕೇಳಿ ತಿಳಿದರೋ. ನೀನು ಬಂದು ಬಾಗಿಲು ತಟ್ಟಿದರೆ ತೆಗೆಯುವವರು ಇರಬಾರದು ಅಂತ ನನ್ನನ್ನು ಅಷ್ಟು ದೂರ ಒಯ್ಯಲು ಹೊರಟಿದ್ದರು. ಯಾವ ದಿನ ಅವರಿಗೆ ಸುದ್ದಿ ತಿಳಿದಿರಬಹುದು ಅಂತ ಬೆಳಿಗ್ಗೆಯಿಂದ ಒಂದೊಂದೇ ದಿನವನ್ನು ನೆನೆಸಿಕೊಳ್ಳುತ್ತಿದ್ದೇನೆ. ದಿನಾ ಎರಡು ಹೊತ್ತು ಎದುರಿಗೆ ನಿಂತು ಬಡಿಸಿದವಳು ನಾನು. ತಾತನಾಗುವ ಸುದ್ದಿ ಕೇಳಿದ ಗಂಡಸಿನ ಮುಖವನ್ನು ಒಂದು ದಿನವೂ ಕಾಣಲಿಲ್ಲ.