ಎರಡನೆಯ ಟ್ಯೂಬ್

ಹಾಸನ
೧೯ ಏಪ್ರಿಲ್ ೨೦೨೫, ಶನಿವಾರ

ಪ್ರೀತಿಯ ಆಶಾ,

ನೀನು ನನ್ನ ಫೋನ್ ಎತ್ತುವುದಿಲ್ಲ. ಹನ್ನೆರಡು ದಿನ ಮಾಡಿ ಸಾಕಾಗಿ, ಹೊಳೆನರಸೀಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ. ಹನ್ನೊಂದು ವರ್ಷ ನಮ್ಮ ಲ್ಯಾಬಿನಲ್ಲಿ ಅಟೆಂಡರ್ ಆಗಿ ದುಡಿದ ನಿನ್ನ ಅಮ್ಮನನ್ನು ತೆಗೆದುಹಾಕುವ ಆದೇಶಕ್ಕೆ ಸೋಮವಾರ ಹತ್ತು ಗಂಟೆಗೆ ಗೌರೀಶಂಕರ ಸರ್ ಸಹಿ ಹಾಕುತ್ತಾರೆ. ಅಷ್ಟರೊಳಗೆ ನಿನಗೆ ನಿಜ ತಿಳಿಯಬೇಕು.

ಅಮ್ಮ ಫ್ರೀಜರ್ ಬಾಗಿಲು ತೆರೆದಿಟ್ಟು ಹೋಗಿರಲಿಲ್ಲ.

ದುದ್ದದ ರೈತ ಗುಂಡಯ್ಯನವರು ಬಿತ್ತನೆ ಶುಂಠಿ ತಂದಿದ್ದರು. ಸೊರಗು ರೋಗಕ್ಕೆ ಬಿಸಿನೀರಿನ ಉಪಚಾರ ಮಾಡಿದ್ದೇನೆ, ರೋಗಾಣು ಸತ್ತಿದೆಯೋ ಇಲ್ಲವೋ ನೋಡಿ ಹೇಳಿ ಎಂದರು. ನಮ್ಮ ಪರೀಕ್ಷೆ ರೋಗಾಣುವಿನ ಡಿಎನ್‌ಎ ಹುಡುಕುತ್ತದೆ, ಆದರೆ ಸತ್ತ ರೋಗಾಣುವಿನ ಡಿಎನ್‌ಎ ಕೂಡ ಶುಂಠಿಯಲ್ಲಿ ಉಳಿದಿರುತ್ತದೆ. ಅದನ್ನು ಮೊದಲು ಅರಗಿಸಿ ಹಾಕಲು ಡಿಎನ್‌ಏಸ್ ಎಂಬ ಕಿಣ್ವ ಬಳಸುತ್ತೇವೆ; ಬದುಕಿರುವ ರೋಗಾಣುವಿನೊಳಗಿನದನ್ನು ಅದು ಮುಟ್ಟಲಾರದು. ಅದು ಕೆಲಸ ಮಾಡದಿದ್ದರೆ ಸತ್ತದ್ದೂ ಬದುಕಿದೆ ಅನ್ನಿಸುತ್ತದೆ. ಹಾಗೇ ಆಯಿತು. ನನ್ನ ವರದಿ ನಂಬಿ ಗುಂಡಯ್ಯನವರು ಅಷ್ಟೂ ಶುಂಠಿಯನ್ನು ಗುಂಡಿಗೆ ಹಾಕಿ ಮುಚ್ಚಿದರು. ಆಮೇಲೆ ನಮ್ಮಲ್ಲಿ ಉಳಿದ ಚೂರಿನಿಂದ ರೋಗಾಣು ಬೆಳೆಸಲು ನೋಡಿದರೆ ಒಂದೂ ಹುಟ್ಟಲಿಲ್ಲ. ಕಿಣ್ವ ಹೇಗೆ ಕೆಟ್ಟಿತು ಎಂದು ಸರ್ ಕೇಳಿದರು.

ಆ ಕಿಣ್ವ ಬಲು ನಾಜೂಕು, ಫ್ರೀಜರಿನ ತಂಪು ತಪ್ಪಿದರೂ ಕೆಡುತ್ತದೆ. ಟ್ಯೂಬನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು, ಜೋರಾಗಿ ಅಲುಗಿಸಬಾರದು. ಹೊಸಬರಿಗೆ ಇದನ್ನು ಹೇಳಿಕೊಡುವವಳೇ ನಾನು. ಆದರೆ ಆ ದಿನ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಐದೂಕಾಲರ ಚನ್ನರಾಯಪಟ್ಟಣದ ಬಸ್ ಹಿಡಿಯಬೇಕಿತ್ತು. ಟ್ಯೂಬನ್ನು ಕಲಕುವ ಯಂತ್ರಕ್ಕೆ ಒತ್ತಿ ಗಿರ್ರೆನ್ನಿಸಿಬಿಟ್ಟೆ. ನೊರೆ ಬಂತು. ನೋಡಿಯೂ ಬಳಸಿದೆ.

ಸರ್ ಮುಂದೆ ಮಾತ್ರ, ಪರೀಕ್ಷೆಗೆ ಮುಂಚಿನ ಶನಿವಾರ ಫ್ರೀಜರ್ ತೊಳೆದದ್ದು ಮಾದಮ್ಮ, ಬಾಗಿಲು ಸರಿಯಾಗಿ ಹಾಕಿರಲಿಲ್ಲವೇನೋ ಎಂದೆ. ನಿಮ್ಮ ಅಡುಗೆಮನೆಯಲ್ಲಿ ಕೂತು ಮುದ್ದೆ ಉಣ್ಣುವಾಗ ಅಮ್ಮ, ಲ್ಯಾಬಿನಲ್ಲಿ ಮಾದಮ್ಮ. ಎಷ್ಟು ಸಲೀಸಾಗಿ ಬಾಯಿಗೆ ಬಂತು ನೋಡು. ಅಮ್ಮ ಒಂದೇ ಮಾತು ಹೇಳಿದರು: "ಬಾಗ್ಲಾಕಿ ಎರಡು ಸಲ ಎಳ್ದು ನೋಡಿದ್ದೆ ಸಾ." ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿನ್ನೆ ಅದೇ ಫ್ರೀಜರಿನಲ್ಲಿ ಅದೇ ಕಿಣ್ವದ ಎರಡನೆಯ ಟ್ಯೂಬ್ ಸಿಕ್ಕಿತು. ಎರಡೂ ಒಂದೇ ದಿನ ಬಂದವು, ಒಟ್ಟಿಗೇ ಇದ್ದವು. ಮೆಲ್ಲಗೆ ತಟ್ಟಿ ಪರೀಕ್ಷೆ ಮಾಡಿದೆ. ಡಿಎನ್‌ಎಯನ್ನು ಪೂರ್ತಿ ಅರಗಿಸಿತು. ಬಾಗಿಲು ತೆರೆದಿದ್ದರೆ ಎರಡೂ ಕೆಡಬೇಕಿತ್ತು. ಕೆಟ್ಟಿದ್ದು ನಾನು ಅಲುಗಿಸಿದ್ದು ಮಾತ್ರ.

ಸೋಮವಾರ ಒಂಬತ್ತೂವರೆಗೆ ಸರ್ ಮುಂದೆ ಎಲ್ಲ ಹೇಳುತ್ತೇನೆ. ಗುಂಡಯ್ಯನವರಿಗೂ ನಾನೇ ಹೋಗಿ ಹೇಳಬೇಕು. ನನ್ನ ಪಿಎಚ್‌ಡಿ ಏನಾಗುತ್ತದೋ ಗೊತ್ತಿಲ್ಲ. ತುಂಬ ಹೆದರಿಕೆಯಾಗುತ್ತಿದೆ ಆಶಾ. ನೀನು ಅಮ್ಮನನ್ನು ಕರೆದುಕೊಂಡು ಬಾ. ಅಲ್ಲಿ ನನ್ನ ಬಾಯಿ ಕಟ್ಟಿದರೆ ಈ ಕಾಗದವನ್ನೇ ಸರ್ ಕೈಗೆ ಕೊಡು.

ಇಂತಿ, ನಿನ್ನವಳು ಎಂದು ಬರೆಯಲು ಮುಖವಿಲ್ಲದ
ನೀಲಾಂಬಿಕೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಎರಡನೆಯ ಟ್ಯೂಬ್ ಉಳಿದರೆ ನನ್ನ ಸುಳ್ಳು ಬಯಲಾಗುತ್ತದೆಂದು ಅವತ್ತೇ ಗೊತ್ತಿತ್ತು. ಸರ್ ವಿಚಾರಿಸಲು ಬರುವ ಮೊದಲು ಅದನ್ನು ಅಮ್ಮನ ಕೈಗೇ ಕೊಟ್ಟು, ಕೆಟ್ಟಿದೆ, ಎಸೆದುಬಿಡಿ ಎಂದೆ. "ಇದ್ರ ಮುಚ್ಚಳನೇ ತೆಗ್ದಿಲ್ವಲ್ಲವ್ವ" ಎಂದರು. ಎಸೆದರು ಅಂದುಕೊಂಡಿದ್ದೆ. ಫ್ರೀಜರಿನ ಮೂಲೆಯಲ್ಲಿ ಚೀಟಿ ಸುತ್ತಿ ಇಟ್ಟಿದ್ದರು. ಚೀಟಿಯ ಮೇಲೆ ಅವರ ದಪ್ಪ ಅಕ್ಷರ: 'ನೀಲವ್ವಂದು. ಹೊಸದು. ಯಾರೂ ಎಸಿಬ್ಯಾಡಿ.'