ಗಂಟೆ ಮತ್ತೆ ಮೊಳಗಿದ ದಿನ

ಲಿಯೋನ್ ಅರಮನೆ. ಸಂತ ಮಾರ್ಟಿನ್ ಹಬ್ಬದ ಮರುದಿನ.

ಸಂಜೆಯ ಗಂಟೆ ಇನ್ನೂ ಕಿವಿ ಬಿಟ್ಟು ಹೋಗುತ್ತಿಲ್ಲ. ದೊರೆಯ ತಾತನೂ ನನ್ನ ತಾತನೂ ಒಡಹುಟ್ಟಿದವರು. ನಮ್ಮ ಮದುವೆಯೇ ಪಾಪವೆಂದು ಪೋಪರು ನಾಡಿನ ಚರ್ಚುಗಳನ್ನೆಲ್ಲ ಮುಚ್ಚಿಸಿದ್ದರು. ಗಂಟೆಯಿಲ್ಲ, ಸತ್ತವರಿಗೆ ಮಣ್ಣು ಕೊಡುವವರಿಲ್ಲ. ಕೊನೆಗೆ ದೊರೆ ಸೋತರು. ನಾಳೆ ನಾನು ತವರಿಗೆ. ಹುಟ್ಟಿರುವ ಮಕ್ಕಳು ಮಾತ್ರ ರಾಜಮಕ್ಕಳೆಂದು ಪೋಪರ ತೀರ್ಪು. ಆ ಮಕ್ಕಳು ಇಲ್ಲೇ ಉಳಿಯಬೇಕು.

ಪೆಟ್ಟಿಗೆ ತುಂಬುವಾಗ ಮಗಳು ಮೆನ್ಸಿಯಾ ಕೇಳಿದಳು: "ಅಮ್ಮಾ, ಅಪ್ಪ ನಿಂಗೆ ಅಣ್ಣ ಆದ್ರೆ ನಂಗೆ ಸೋದರಮಾವ ಆಗ್ಬೇಕಲ್ವಾ?"

ಬಾಗಿಲಲ್ಲಿದ್ದ ದೊರೆ ನಕ್ಕುಬಿಟ್ಟರು. "ಕೇಳಿದ್ಯೇನೇ? ಇವಳನ್ನೇ ರೋಮಿಗೆ ಕಳಿಸ್ಬೇಕಿತ್ತು." ಆಮೇಲೆ ಗೋಡೆ ಕಡೆ ತಿರುಗಿ ನಿಂತರು. "ನಿನ್ನ ಕಳಿಸಲ್ಲ ಅನ್ನೋಕೆ ಒಂದು ನೆಪ ಕೊಡೇ."

ನೆಪ ನನ್ನ ಹೊಟ್ಟೆಯಲ್ಲೇ ಇತ್ತು. ದಪ್ಪ ನಿಲುವಂಗಿಯ ಕೆಳಗೆ ಯಾರಿಗೂ ಕಂಡಿಲ್ಲ. ಹೇಳಿದ್ದರೆ ಅವರು ಕಳಿಸುತ್ತಿರಲಿಲ್ಲ. ಹೆಣಗಳು ಮತ್ತೆ ಹೊಲದಲ್ಲೇ ಕಾಯುತ್ತಿದ್ದವು.

"ಹಿಮ ಬೀಳೋ ಮುಂಚೆ ಹೊರಡ್ಬೇಕು" ಎಂದೆ.

ಆಗಲೇ ಗಂಟೆ ಮೊಳಗಿದ್ದು. ಊರಿಗೆ ಊರೇ ಬೀದಿಗೆ ಬಂದು ಖುಷಿಯಿಂದ ಅತ್ತಿತು. ಒಳಗಿರುವುದು ಬೆಚ್ಚಿಬಿದ್ದು ಒದೆಯಿತು. ಪಾಪ, ಬಸಿರಲ್ಲಿ ನಿಂತಾಗಿನಿಂದ ಅದು ಗಂಟೆಯ ಸದ್ದನ್ನೇ ಕೇಳಿರಲಿಲ್ಲ.